ಸಹಕೃಷಿ ಮಾಧ್ಯಮದಲ್ಲಿ ಎಲ್-ಸಿಸ್ಟೀನ್: ಒಂದು ವಿಮರ್ಶೆ

ಸಸ್ಯಕೋಶದೊಳಕ್ಕೆ ಡಿಎನ್ಎ ಸಾಗಿಸಬಲ್ಲ ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೂಲಕ ಸಸ್ಯಕ್ಕೆ ಜೀನ್ ಸೇರಿಸುವವರಿಗೆ, ಸಹಕೃಷಿಯ (ಸಸ್ಯದ ತುಣುಕನ್ನೂ ಬ್ಯಾಕ್ಟೀರಿಯಾವನ್ನೂ ಪೋಷಕ ಮಾಧ್ಯಮದಲ್ಲಿ ಒಟ್ಟಿಗೆ ಬೆಳೆಸುವ ಹಂತದ) ಎರಡು-ಮೂರು ದಿನಗಳಲ್ಲೇ ಅಂಗಾಂಶದ ಕತ್ತರಿಸಿದ ಅಂಚು ಕಂದುಬಣ್ಣಕ್ಕೆ ತಿರುಗಿ ಸಾಯುವುದು ಹೊಸ ಸಂಗತಿಯಲ್ಲ. ಗಾಯಗೊಂಡ ಕೋಶಗಳು ಈ ಬ್ಯಾಕ್ಟೀರಿಯಾವನ್ನು ರೋಗಾಣುವೆಂದೇ ಗುರುತಿಸಿ ಹೈಡ್ರೋಜನ್ ಪೆರಾಕ್ಸೈಡನ್ನು ಉತ್ಪಾದಿಸುತ್ತವೆ. ಜೊತೆಗೆ ಪಾಲಿಫೀನಾಲ್ ಆಕ್ಸಿಡೇಸ್ ಮತ್ತು ಪೆರಾಕ್ಸಿಡೇಸ್ ಕಿಣ್ವಗಳು ಫೀನಾಲುಗಳನ್ನು ವಿಷಕಾರಿ ಕ್ವಿನೋನುಗಳಾಗಿ ಬದಲಿಸುತ್ತವೆ. ಜೀನ್ ಪಡೆದ ಕೋಶಗಳು ಹೆಚ್ಚಾಗಿ ಇರುವುದೂ ಆ ಅಂಚಿನಲ್ಲೇ ಆದ್ದರಿಂದ, ಅಂಚು ಸತ್ತರೆ ಉಳಿದ ಅಂಗಾಂಶ ಹಸಿರಾಗಿದ್ದರೂ ಹೆಚ್ಚಿನ ಪ್ರಯೋಜನವಿಲ್ಲ.

ಎಲ್-ಸಿಸ್ಟೀನ್ ಎಂಬ ಅಮೈನೊ ಆಮ್ಲ ಕೆಲಸ ಮಾಡುವುದು ಇಲ್ಲಿಯೇ. ಅದರ ಗಂಧಕವುಳ್ಳ ಥಯಾಲ್ ಗುಂಪು ಕ್ವಿನೋನುಗಳೊಡನೆ ಸೇರಿ ಬಣ್ಣವಿಲ್ಲದ ಸಂಯುಕ್ತಗಳನ್ನು ಉಂಟುಮಾಡುತ್ತದೆ, ಕಿಣ್ವಗಳ ವೇಗವನ್ನೂ ತಗ್ಗಿಸುತ್ತದೆ. 2001ರಲ್ಲಿ ಪ್ರಕಟವಾದ ಸೋಯಾ ಅವರೆಯ ಅಧ್ಯಯನದ ನಂತರ ಬೀಜದಳದ ಗೆಣ್ಣಿನ ವಿಧಾನದಲ್ಲಿ (ಬೀಜದಳವು ಕಾಂಡಕ್ಕೆ ಸೇರುವ ಗೆಣ್ಣಿನಿಂದ ಚಿಗುರು ಪಡೆಯುವುದು) ಲೀಟರಿಗೆ 400 ಮಿಲಿಗ್ರಾಂ ಪ್ರಮಾಣ ರೂಢಿಗೆ ಬಂತು; ಡೈಥಯೋಥ್ರೈಟಾಲ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಉತ್ಕರ್ಷಣ ತಡೆಯುವ ವಸ್ತುಗಳನ್ನು ಜೊತೆಗೂಡಿಸುವ ಕ್ರಮವೂ ಬೆಳೆಯಿತು. ನನ್ನ ಅನುಭವದಲ್ಲೂ ಇದನ್ನು ಸೇರಿಸಿದ ತಟ್ಟೆಗಳ ಅಂಚು ಸ್ಪಷ್ಟವಾಗಿಯೇ ತಿಳಿಬಣ್ಣದಲ್ಲಿ ಉಳಿಯುತ್ತದೆ.

ಆದರೆ ಇದು ಸೂಕ್ಷ್ಮ ವಸ್ತು. ನೀರಿನಲ್ಲಿ ಕರಗಿಸಿಟ್ಟರೆ ಗಾಳಿಯ ಆಮ್ಲಜನಕದಿಂದ ಕ್ರಮೇಣ ಸಿಸ್ಟೀನ್ ಜೋಡಿಗಳಾಗಿ ಬೆಸೆದುಕೊಂಡು ತಳದಲ್ಲಿ ಬಿಳಿ ಹರಳುಗಳಾಗಿ ಕೂರುತ್ತದೆ, ಆ ದ್ರಾವಣದ ಶಕ್ತಿಯೂ ಕುಂದಿರುತ್ತದೆ. ಆಯಾ ದಿನವೇ ಕರಗಿಸಿ, ಫಿಲ್ಟರಿನಲ್ಲಿ ಸೋಸಿ, ಆಟೋಕ್ಲೇವಿನಿಂದ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಪಾತ್ರೆ) ತೆಗೆದ ಮಾಧ್ಯಮ ಸಾಕಷ್ಟು ತಣ್ಣಗಾದ ಮೇಲೆ ಬೆರೆಸುವುದೇ ಸರಿ. ಹೈಡ್ರೋಕ್ಲೋರೈಡ್ ರೂಪ ಕೊಂಡವರು ಪಿಎಚ್ ಅನ್ನು ಮತ್ತೆ ಸರಿಪಡಿಸಬೇಕು, ಇಲ್ಲವಾದರೆ ಮಾಧ್ಯಮ ಅತಿಯಾಗಿ ಆಮ್ಲೀಯವಾಗುತ್ತದೆ. ಪ್ರಮಾಣ ಮೀರಿದರೆ ಚಿಗುರೊಡೆಯುವುದೇ ಕುಗ್ಗುತ್ತದೆ; ಆದ್ದರಿಂದ ಸೋಯಾದ ಅಂಕಿಯನ್ನು ಬೇರೆ ಬೆಳೆಗೆ ಹಾಗೆಯೇ ಒಯ್ಯದೆ, ಬ್ಯಾಕ್ಟೀರಿಯಾ ಇಲ್ಲದ ತುಣುಕುಗಳ ಮೇಲೆ ಮೊದಲು ಪರೀಕ್ಷಿಸುವುದು ಅಗತ್ಯ.

ಎಲ್ಲ ಒತ್ತಡಗಳಿಗೂ ಇದೊಂದೇ ಪರಿಹಾರವೆಂದು ನಂಬುವುದು ಮಾತ್ರ ತಪ್ಪು. ಬ್ಯಾಕ್ಟೀರಿಯಾದ ಸಾಂದ್ರತೆ ಅತಿಯಾಗಿದ್ದರೆ, ಸಹಕೃಷಿ ಲಂಬಿಸಿ ಅದು ಅಂಗಾಂಶವನ್ನು ಆವರಿಸಿದ್ದರೆ ಸಿಸ್ಟೀನ್ ಏನನ್ನೂ ಉಳಿಸದು. ತಾಪಮಾನವನ್ನು 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುವುದು ಜೀನ್ ವರ್ಗಾವಣೆಗೂ ಬ್ಯಾಕ್ಟೀರಿಯಾವನ್ನು ಹತೋಟಿಯಲ್ಲಿಡುವುದಕ್ಕೂ ಒಳ್ಳೆಯದು. ನಂತರ ಬಳಸುವ ಪ್ರತಿಜೀವಕವೂ ಅಂಗಾಂಶದ ಮೇಲೆ ಪರಿಣಾಮ ಬೀರುತ್ತದೆ: ಕಾರ್ಬೆನಿಸಿಲಿನ್ ವಿಘಟನೆಯಾದಾಗ ಆಕ್ಸಿನ್ ಎಂಬ ಸಸ್ಯ ಹಾರ್ಮೋನಿನಂತೆ ವರ್ತಿಸುವ ಫೀನೈಲ್ ಅಸಿಟಿಕ್ ಆಮ್ಲ ಹುಟ್ಟುತ್ತದೆ.

ಇಷ್ಟನ್ನು ಪಾಲಿಸಬಲ್ಲ ಪ್ರಯೋಗಾಲಯಕ್ಕೆ, ವಿಶೇಷವಾಗಿ ದ್ವಿದಳ ಧಾನ್ಯಗಳ ಮೇಲೆ ಕೆಲಸ ಮಾಡುವವರಿಗೆ, ಎಲ್-ಸಿಸ್ಟೀನನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಪದೇ ಪದೇ ತೆರೆಯುವ ದೊಡ್ಡ ಡಬ್ಬಿಗಿಂತ ಸಣ್ಣ ಬಾಟಲಿಗಳನ್ನೇ ಕೊಳ್ಳುವುದು ಲೇಸು.