ಬೆರಳಚ್ಚು ನೋಡಿ ಮಕ್ಕಳ ಮನಸ್ಸು ಹೇಳುವವರ ಹತ್ತಿರ ಹೋಗಬೇಡಿ

ಮಗಳು ಪಿಯುಸಿ ಮೊದಲ ವರ್ಷ, ಸೈನ್ಸ್. ಮಧ್ಯಾವಧಿ ಪರೀಕ್ಷೆ ಆದ ಮೇಲೆ ಮಂಕಾದಳು. ರಾತ್ರಿ ನಿದ್ದೆ ಇಲ್ಲ, ತಟ್ಟೆಯಲ್ಲಿ ಅರ್ಧ ಊಟ ಹಾಗೇ. ಪರಿಚಯದವರೊಬ್ಬರು ‘ಟೀನ್ ಕೋಚ್’ ಒಬ್ಬರ ನಂಬರ್ ಕೊಟ್ಟರು. ಮೊದಲ ಭೇಟಿ ಫ್ರೀ.

ಹೋದೆವು. ಸ್ಕ್ಯಾನರ್ ಮೇಲೆ ಅವಳ 10 ಬೆರಳೂ ಒತ್ತಿಸಿಕೊಂಡರು. ಡಿಎಂಐಟಿ ಅಂತೆ, ಬೆರಳಚ್ಚು ನೋಡಿ ಬುದ್ಧಿ, ಸ್ವಭಾವ ಹೇಳುವ ಟೆಸ್ಟ್. ಬಣ್ಣಬಣ್ಣದ ರಿಪೋರ್ಟ್ ಬಂತು: ಎಡ ಮೆದುಳು ಇಷ್ಟು ಪರ್ಸೆಂಟ್, ಬಲ ಇಷ್ಟು, ಆತ್ಮವಿಶ್ವಾಸ ಕಡಿಮೆ. ಅದಕ್ಕೆ 6 ತಿಂಗಳ ಪ್ಯಾಕೇಜ್, ಪೂರ್ತಿ ದುಡ್ಡು ಮೊದಲೇ. ಕಟ್ಟಿಬಿಟ್ಟೆ. ಬೆರಳಿನ ಗೆರೆ ಹುಟ್ಟುವ ಮುಂಚೆಯೇ ಮೂಡಿರುತ್ತೆ, ಆಮೇಲೆ ಬದಲಾಗಲ್ಲ. ಮೊನ್ನೆಯಿಂದ ನಿದ್ದೆಗೆಟ್ಟಿದ್ದು ಅದರಲ್ಲಿ ಹೇಗೆ ಕಾಣಬೇಕು? ಆಗ ಇಷ್ಟೂ ಹೊಳೆಯಲಿಲ್ಲ ನೋಡಿ. ಈ ಟೆಸ್ಟಿಗೆ ವೈಜ್ಞಾನಿಕ ಆಧಾರವೇ ಇಲ್ಲ.

ದಿನಾ ರಾತ್ರಿ ‘ಕೃತಜ್ಞತೆಯ ಡೈರಿ’ ಬರೆದು ಫೋಟೋ ಕಳಿಸಬೇಕಿತ್ತು. ಕೋಚ್ ಸ್ಟಾರ್ ಕೊಡುತ್ತಿದ್ದರು. ಒಂದಿನ ಅವಳೇ ಡೈರಿ ತಂದು ನನ್ನ ಮುಂದೆ ಇಟ್ಟಳು. 17 ದಿನವೂ ಒಂದೇ ಸಾಲು: ‘ಇವತ್ತು ಎಲ್ಲಾ ಚೆನ್ನಾಗಿತ್ತು.’ 17 ಸ್ಟಾರ್.

“ಅಪ್ಪಾ, ಬೆಳಿಗ್ಗೆ ಏಳಲೇಬಾರದು ಅನ್ಸುತ್ತೆ ಅಂತ ಅವರಿಗೆ ಹೇಳ್ದೆ. ನೆಗೆಟಿವ್ ಮಾತು ಬೇಡ ಅಂದ್ರು.”

ಮಗು ಅಂಥ ಮಾತು ಆಡಿದ್ದನ್ನು ಕೋಚ್ ನಮಗೆ ತಿಳಿಸಿರಲೇ ಇಲ್ಲ. ಅವತ್ತೇ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಹೇಳಿದಂತೆ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆವು. ಖಿನ್ನತೆ ಅಂದರು. ಚಿಕಿತ್ಸೆ ನಡೀತಿದೆ. ಈಗ ಸ್ವಲ್ಪ ನಿದ್ದೆ ಬರುತ್ತಿದೆ.

ಕೋಚ್‌ಗಳೆಲ್ಲ ಮೋಸ ಅಂತ ನಾನು ಹೇಳಲ್ಲ. ಓದುವ ಅಭ್ಯಾಸ, ಟೈಮ್‌ಟೇಬಲ್ ಇಂಥದ್ದಕ್ಕೆ ಒಳ್ಳೆಯವರು ಸಿಗಬಹುದು. ಆದರೆ ನಮ್ಮಲ್ಲಿ ಕೋಚ್ ಅಂತ ಬೋರ್ಡ್ ಹಾಕಲು ಯಾವ ಲೈಸೆನ್ಸೂ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಬೇಕು. ನೋಂದಣಿ ನಂಬರ್ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ನೋಡಿ. ನಾನು ಕೇಳಲಿಲ್ಲ. ಗೋಡೆ ತುಂಬಾ ಇದ್ದ ಸರ್ಟಿಫಿಕೇಟ್ ನೋಡಿಯೇ ಮರುಳಾದೆ.

ದುಡ್ಡು ವಾಪಸ್ ಬಂದಿಲ್ಲ, ಹೋಗಲಿ. ಮಗಳ ಡೈರಿಯ ಫೋಟೋ ಇವತ್ತಿಗೂ ಆ ಕೋಚ್ ಪೇಜ್‌ನಲ್ಲಿದೆ, ‘ನಮ್ಮ ವಿದ್ಯಾರ್ಥಿನಿಯ ಬದಲಾವಣೆ’ ಅಂತ. ತೆಗೆಯಿರಿ ಅಂತ ಮೆಸೇಜ್ ಹಾಕಿದ್ದೇನೆ. ನೀಲಿ ಟಿಕ್ ಬಂದಿದೆ.