ಜಿಪ್ಸಿಗೆ 215 ಟೈರ್, ಸ್ಟೀಲ್ ರಿಮ್, ಫೈಬರ್ ಫ್ಲೇರ್: ಹಲವು ಮಳೆಗಾಲದ ನಂತರ

ನನ್ನದು ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ ಎಂಪಿಎಫ್‌ಐ (ಇಂಜೆಕ್ಷನ್ ಇರುವ ಪೆಟ್ರೋಲ್ ಇಂಜಿನ್), ಸಾಫ್ಟ್ ಟಾಪ್. ಓಡುವುದು ಹೆಚ್ಚಾಗಿ ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ. ಸಂತೆಗೆ, ಸಾಮಾನಿಗೆ ಚಿಕ್ಕಮಗಳೂರು ಪೇಟೆ, ಆಗಾಗ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ. ರಿಮ್, ಟೈರ್ ಬದಲಾಯಿಸಿ, ಫ್ಲೇರ್ (ಚಕ್ರದ ಮೇಲೆ ಮಡ್‌ಗಾರ್ಡಿನ ಅಂಚಿಗೆ ಹೊರಚಾಚಿ ಕೂರಿಸುವ ಪಟ್ಟಿ) ಹಾಕಿಸಿದ ಮೇಲೆ ಹಲವು ಮಳೆಗಾಲ ಕಳೆದಿವೆ. ಹಾಕಿಸಿದ ವಾರದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಷ್ಟು ದಿನ ಬಿಟ್ಟು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮಲೆನಾಡಿನ ಕೆಸರಿಗೆ ಅಗಲದ ಟೈರ್ ಬೇಡ. ಕಂಪನಿ ಸೈಜಿಗಿಂತ ಸ್ವಲ್ಪ ಎತ್ತರ ಇದ್ದರೆ ಸಾಕು. ಮತ್ತೆ ರಿಮ್ ಒಂದು ಕಡೆ, ಫ್ಲೇರ್ ಇನ್ನೊಂದು ಕಡೆ ಅಂತ ಬೇರೆ ಬೇರೆ ಯೋಚಿಸಬೇಡಿ, ಎರಡನ್ನೂ ಒಟ್ಟಿಗೇ ತೀರ್ಮಾನ ಮಾಡಿ.

ಗಾಡಿ ನನ್ನ ಕೈಗೆ ಬಂದಾಗ ಹಿಂದಿನ ಮಾಲೀಕರು 31 ಇಂಚಿನ, ಹತ್ತೂವರೆ ಇಂಚು ಅಗಲದ ಟೈರ್ ಹಾಕಿಸಿ, ಗಾಡಿ ಎತ್ತರವಾಗಲಿ ಅಂತ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಹಿಡಿಸುವ ಕೊಂಡಿ) ಉದ್ದ ಮಾಡಿಸಿ, ಟೈರ್ ಉಜ್ಜಬಾರದು ಅಂತ ಮುಂದಿನ ಮಡ್‌ಗಾರ್ಡಿನ ಅಂಚನ್ನು ಗ್ರೈಂಡರಿನಲ್ಲಿ ಕತ್ತರಿಸಿ ಹಾಗೇ ಬಿಟ್ಟಿದ್ದರು. ನೋಡಲು ಭಾರೀ ಗತ್ತು. ಆದರೆ ಕತ್ತರಿಸಿದ ಅಂಚಿಗೆ ಬಣ್ಣ ಇಲ್ಲ, ಅಲ್ಲಿಂದಲೇ ತುಕ್ಕು ಶುರುವಾಗಿತ್ತು. ಸ್ಟೇರಿಂಗ್ ಕಲ್ಲಿನ ಹಾಗೆ. ತೋಟದ ಹೇರ್‌ಪಿನ್ನಿನಲ್ಲಿ ಒಂದೇ ಏಟಿಗೆ ತಿರುಗುವ ಜಿಪ್ಸಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಬೇಕಿತ್ತು, ಯಾಕೆಂದರೆ ಟೈರ್ ತಾಗದಿರಲಿ ಅಂತ ಚಕ್ರ ಎಷ್ಟು ತಿರುಗಬೇಕು ಅಂತ ತಡೆಯುವ ಸ್ಟೇರಿಂಗ್ ಸ್ಟಾಪರ್ ಬೋಲ್ಟನ್ನೂ ಹೊರಗೆ ಎಳೆದಿದ್ದರು.

ಲೆಕ್ಕ ನೋಡಿ. ಕಿಂಗ್‌ನ ಕಂಪನಿ ಟೈರ್ 205/70 ಆರ್15 (205 ಮಿಲಿಮೀಟರ್ ಅಗಲ, ಪಕ್ಕದ ಗೋಡೆ ಅಗಲದ ಶೇ. 70, ರಿಮ್ 15 ಇಂಚು), ಎತ್ತರ ಸುಮಾರು 668 ಮಿಲಿಮೀಟರ್. ಈಗ ನಾನು ಹಾಕಿರುವ 215/75 ಆರ್15 ಸುಮಾರು 703. ತುಂಬಾ ಜನ ಹಾಕಿಸುವ 235/75 ಅಂದರೆ 733. 31 ಇಂಚು ಅಂದರೆ 787. ಮೀಟರಿನಲ್ಲಿ 60 ತೋರಿಸುವಾಗ ನನ್ನ ಗಾಡಿ ನಿಜವಾಗಿ 63ರಲ್ಲಿ ಇರುತ್ತದೆ, 31 ಇಂಚಿನಲ್ಲಿ 70 ದಾಟಿರುತ್ತದೆ. ಮೀಟರ್ ಬಿಡಿ, ಗೇರಿನ ಕಥೆ ಇನ್ನೂ ಮುಖ್ಯ. ಟೈರ್ ದೊಡ್ಡದಾದಷ್ಟೂ ಎಲ್ಲಾ ಗೇರುಗಳೂ ಭಾರ ಆಗುತ್ತವೆ. ಜಿಪ್ಸಿ ಇಂಜಿನ್ನಿಗೆ ಮೇಲಿನ ಆರ್‌ಪಿಎಮ್ಮಿನಲ್ಲೇ ಜೀವ. ಮುಳ್ಳಯ್ಯನಗಿರಿ ಹತ್ತುವಾಗ ಎರಡನೇ ಗೇರಿನಲ್ಲಿ ಹೋಗುವ ಜಾಗದಲ್ಲಿ ಮೊದಲನೆಯದು ಹಾಕಿಕೊಂಡು ಅರಚಿಸುತ್ತಾ ಹೋಗುವುದು ಯಾರಿಗೆ ಬೇಕು? 215ರಲ್ಲಿ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆಕ್ಸಲ್ಲಿನ ಕೆಳಗೆ ಹೆಚ್ಚುವುದು 18 ಮಿಲಿಮೀಟರಿನಷ್ಟು ಮಾತ್ರ, ನಿಜ. ಆದರೆ ಚಕ್ರ ಹೋದ ಗೀರುಗಳ ನಡುವಿನ ದಿಣ್ಣೆಗೆ ಡಿಫರೆನ್ಶಿಯಲ್ (ಆಕ್ಸಲ್ಲಿನಲ್ಲಿ ಕೆಳಗೆ ಉಬ್ಬಿರುವ ಗೇರಿನ ಗುಂಡು) ತಾಗುವ ನಮ್ಮ ರಸ್ತೆಯಲ್ಲಿ ಅಷ್ಟೂ ಕೆಲಸಕ್ಕೆ ಬರುತ್ತದೆ.

ಕೆಸರಿನ ವಿಷಯ. ತೋಟದ ರಸ್ತೆಯಲ್ಲಿ ಮೇಲೆ ಒಂದು ಗೇಣು ಕೊಚ್ಚೆ, ಅದರ ಕೆಳಗೆ ಗಟ್ಟಿ ನೊರಜು ಮಣ್ಣು. ಕಿರಿದಾದ ಟೈರ್ ಕೊಚ್ಚೆಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಮೇಲೆಯೇ ತೇಲಿ ಪಕ್ಕದ ಚರಂಡಿಗೆ ಜಾರುತ್ತದೆ. ಮರಳಿನಲ್ಲಿ ಇದು ತಿರುವುಮುರುವು, ಅಲ್ಲಿ ಅಗಲವೇ ಒಳ್ಳೆಯದು. ಆದರೆ ನಮಗೆ ಮರಳು ಎಲ್ಲಿದೆ? ಮಾರುತಿಯವರೇ 2023ರಲ್ಲಿ ತಂದ ಜಿಮ್ನಿಗೆ 195/80 ಆರ್15 ಕೊಟ್ಟಿದ್ದಾರೆ, ಅಗಲ ಕಮ್ಮಿ, ಎತ್ತರ ಜಾಸ್ತಿ. ಅದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು. ಕೊಚ್ಚೆಗೆ ಇಳಿಯುವ ಮೊದಲು ನಾನು ಗಾಳಿ 18 ಪಿಎಸ್‌ಐಗೆ ಇಳಿಸುತ್ತೇನೆ, ಡಾಂಬರಿಗೆ ಬಂದ ಮೇಲೆ ಮತ್ತೆ 26. ಈ ಒಂದು ಅಭ್ಯಾಸ ದುಬಾರಿ ಟೈರಿಗಿಂತ ಜಾಸ್ತಿ ಹಿಡಿತ ಕೊಡುತ್ತದೆ.

ಈಗ ರಿಮ್. ಐದು ಬೋಲ್ಟ್, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 139.7 ಮಿಲಿಮೀಟರ್. ಹಳೇ ಜೀಪಿಗೂ ಅದೇ, ಜಿಮ್ನಿಗೂ ಅದೇ. ಹಾಗಾಗಿ ಯಾವ ರಿಮ್ ಬೇಕಾದರೂ ಕೂರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಕೂರುವುದೇನೋ ಕೂರುತ್ತದೆ, ಆದರೆ ಎಲ್ಲಿ ಕೂರುತ್ತದೆ ಅನ್ನುವುದನ್ನು ಹೇಳುವುದು ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಗಿಂತ ಹಬ್ಬಿಗೆ ಕೂರುವ ಮುಖ ಒಳಗಿದ್ದರೆ ಅದು ನೆಗೆಟಿವ್ ಆಫ್‌ಸೆಟ್, ಚಕ್ರ ಅಷ್ಟೂ ಹೊರಗೆ ಚಾಚುತ್ತದೆ. ಹೊರಗೆ ಹೋದಷ್ಟೂ ವೀಲ್ ಬೇರಿಂಗಿಗೂ ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ) ಬೇರಿಂಗಿಗೂ ಭಾರ ಜಾಸ್ತಿ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಜಿಪ್ಸಿಯಲ್ಲಿ ಒಂದು ವೇಗ ಬಂದ ಕೂಡಲೇ ಮುಂದಿನ ಚಕ್ರ ಗಡಗಡ ನಡುಗುವ ಕಾಯಿಲೆ ಎಲ್ಲರಿಗೂ ಗೊತ್ತು. ಕಿಂಗ್‌ಪಿನ್ ಬೇರಿಂಗ್ ಸವೆದಿದ್ದರೆ ಹೊರಗೆ ಚಾಚಿದ ಭಾರದ ಚಕ್ರ ಅದನ್ನು ಇನ್ನೂ ಬೇಗ ತೋರಿಸುತ್ತದೆ. ನಾನು ಕಂಪನಿ ರಿಮ್ಮಿನಷ್ಟೇ ಐದೂವರೆ ಇಂಚು ಅಗಲದ, ಸ್ವಲ್ಪವೇ ಹೊರಗೆ ಬರುವ ಸ್ಟೀಲ್ ರಿಮ್ ಆರಿಸಿದೆ. ಕಲ್ಲಿಗೆ ತಾಗಿ ಅಂಚು ಬಗ್ಗಿದರೆ ಸುತ್ತಿಗೆಯಲ್ಲಿ ಸರಿ ಮಾಡಬಹುದು, ಅಲಾಯ್ ಸೀಳಿದರೆ ಎಸೆಯಬೇಕು. ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಚಕ್ರ ಹೊರಗೆ ತಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಫ್ಲೇರಿಗೆ ಬರೋಣ. ಚಕ್ರ ಸ್ವಲ್ಪ ಹೊರಗೆ ಬಂದರೂ ಮಣ್ಣು, ಜಲ್ಲಿ ಸೀದಾ ಬಾಗಿಲಿಗೆ, ಸೈಡ್ ಮಿರರಿಗೆ ಹಾರುತ್ತದೆ, ಪಕ್ಕದಲ್ಲಿ ಬರುವ ಬೈಕಿನವರ ಮುಖಕ್ಕೂ. ಅದನ್ನು ತಡೆಯುವುದು ಫ್ಲೇರಿನ ಕೆಲಸ, ಹಾಗಾಗಿ ಟೈರಿನ ಹೊರ ಅಂಚು ಮುಚ್ಚುವಷ್ಟು ಅಗಲ ಇದ್ದರೆ ಸಾಕು. ಎರಡು ಇಂಚಿನ ಫೈಬರ್ ಫ್ಲೇರ್ ತೆಗೆದುಕೊಂಡೆ. ರಬ್ಬರಿನದು ಬಗ್ಗುತ್ತದೆ, ಮುರಿಯುವುದಿಲ್ಲ, ಆದರೆ ಬಿಸಿಲಿಗೆ ಬೆಳ್ಳಗಾಗಿ ಅಲೆ ಅಲೆಯಾಗುತ್ತದೆ. ಫೈಬರಿನದು ಸಿಲ್ವರ್ ಓಕ್ ಮರದ ಬೊಡ್ಡೆಗೆ ತಾಗಿದರೆ ಬಿರುಕು ಬಿಡುತ್ತದೆ, ನನ್ನದೂ ಎಡ ಹಿಂದಿನದು ಬಿಟ್ಟಿದೆ. ಫೈಬರ್ ಗ್ಲಾಸ್ ಮ್ಯಾಟ್, ರೆಸಿನ್ ಅಂಟು ತಂದು ಮನೆಯಲ್ಲೇ ಮೆತ್ತಿದೆ, ಇವತ್ತಿಗೂ ಗಟ್ಟಿ.

ಆದರೆ ಇಲ್ಲಿನ ಮಳೆಗೆ ಫ್ಲೇರಿಗಿಂತ ಅದರ ಹಿಂದಿನ ತಗಡು ಮುಖ್ಯ. ಫ್ಲೇರಿಗೂ ಬಾಡಿಗೂ ನಡುವೆ ಹಾಕುವ ರಬ್ಬರ್ ಬೀಡಿಂಗಿನೊಳಗೆ ಸಣ್ಣ ಮಣ್ಣು ಸೇರಿ, ಗಾಡಿ ನಡುಗಿದ ಹಾಗೆಲ್ಲ ಉಪ್ಪು ಕಾಗದದಂತೆ ಬಣ್ಣ ಉಜ್ಜುತ್ತದೆ. ಆಮೇಲೆ ಅಲ್ಲೇ ನೀರು ನಿಲ್ಲುತ್ತದೆ. ನಾನು ಮಾಡಿಸಿದ್ದು ಹೀಗೆ: ಮೊದಲು ಹಳೇ ಕತ್ತರಿಸಿದ ಅಂಚಿಗೆ ಟಿಂಕರ್ ಹತ್ತಿರ ಹೊಸ ತಗಡು ಬೆಸೆಸಿ ಒಳಕ್ಕೆ ಮಡಿಸಿದೆ. ಪ್ರತಿ ತೂತಿಗೂ ಜಿಂಕ್ ಪ್ರೈಮರ್, ಸ್ಟೇನ್‌ಲೆಸ್ ಸ್ಕ್ರೂ, ಮೇಲಿನ ಅಂಚಿಗೆ ಸೀಲಂಟ್. ಕೆಳಗಿನ ಎರಡೂ ತುದಿಗೆ ಸೀಲಂಟ್ ಹಾಕಿಸಲೇ ಇಲ್ಲ, ನೀರು ಇಳಿದು ಹೋಗಲು ದಾರಿ ಬೇಕಲ್ವಾ. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಮೊದಲು ಫ್ಲೇರ್ ಬಿಚ್ಚಿ, ತೊಳೆದು, ಒಣಗಿಸಿ, ಕೆರೆದ ಜಾಗಕ್ಕೆ ಬಣ್ಣ ಮುಟ್ಟಿಸಿ ಮತ್ತೆ ಹಾಕುತ್ತೇನೆ. ಅರ್ಧ ದಿನದ ಕೆಲಸ, ಆದರೆ ತಗಡು ಇನ್ನೂ ಗಟ್ಟಿಯಾಗಿದೆ. ಅಂಟು ಟೇಪಿನಲ್ಲಿ ಅಂಟಿಸುವ ಫ್ಲೇರ್ ಇಲ್ಲಿಗೆ ಆಗುವುದಿಲ್ಲ. ಜಡಿಮಳೆಯಲ್ಲಿ ಒಂದು ಮೂಲೆ ಬಿಟ್ಟರೆ ಮುಗಿಯಿತು.

ಕಾನೂನಿನ ವಿಷಯ ಮರೆಯಬೇಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಮೇಲೆ ಹೇಳಿದೆ. ಹಾಗಾಗಿ ಏನೇ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಕಂಪನಿಯ ಹಳೇ ರಿಮ್, ಟೈರ್ ಮಾರಬೇಡಿ, ಬೇಕಾದರೆ ವಾಪಸ್ ಹಾಕಬಹುದು.

ಇನ್ನೊಂದೆರಡು ಮಾತು. ಸ್ಟೆಪ್ನಿಯೂ ಅದೇ ಸೈಜಿನದು ಇರಲಿ. ಫೋರ್ ವೀಲ್ ಹಾಕಿದಾಗ ನಾಲ್ಕು ಟೈರಿನ ಸುತ್ತಳತೆ ಒಂದೇ ಇಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ತಿರುಚಿಕೊಳ್ಳುತ್ತದೆ. ದೊಡ್ಡ ಸ್ಟೆಪ್ನಿಯ ಭಾರಕ್ಕೆ ಹಿಂದಿನ ಬಾಗಿಲಿನ ಹಿಂಜ್ ಜೋಲುತ್ತದೆ, ನಾನು ಒಳಗಿನಿಂದ ಒಂದು ಪ್ಲೇಟ್ ಬೆಸೆಸಿದ್ದೇನೆ. ಟೈರುಗಳ ಪಕ್ಕದ ಗೋಡೆಯಲ್ಲಿ ಈಗ ಸಣ್ಣ ಸಣ್ಣ ಬಿರುಕು ಕಾಣುತ್ತಿವೆ. ಮುಂದಿನ ಮುಂಗಾರಿಗೆ ಮೊದಲು ಬದಲಾಯಿಸುತ್ತೇನೆ, ಅದೇ 215/75.