ಉಚಿತ ರಿಪೇರಿಗೆ 8,260 ರೂಪಾಯಿ ಕೊಟ್ಟು ಬಂದೆ, ನೀವು ಕೊಡಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಓಡಾಡೋ ನನ್ನಂಥವರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾಚಿಕೆ ಬಿಟ್ಟು ಬರೀತಿದ್ದೀನಿ. ಹದಿನೆಂಟು ವರ್ಷದಿಂದ ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡಿರೋನು ನಾನು. ಹೊಸ ಹುಡುಗರು ಬಂದರೆ "ಬಿಲ್ ಇಲ್ಲದೆ ಏನೂ ತಗೋಬೇಡ್ರೋ, ಕಂಪನಿ ದಾರಿ ಬಿಟ್ಟು ಬಂದ ಗ್ರೇ ಮಾರ್ಕೆಟ್ ಪೀಸ್ ಮುಟ್ಟಬೇಡ್ರೋ" ಅಂತ ಬುದ್ಧಿ ಹೇಳೋನು. ಅಂಥವನು ಕಂಪನಿಯೇ ಪುಕ್ಕಟೆ ಮಾಡಿಕೊಡ್ತೀವಿ ಅಂದ ಕೆಲಸಕ್ಕೆ 8,260 ರೂಪಾಯಿ ಸ್ಕ್ಯಾನ್ ಮಾಡಿ ಕಳಿಸಿ, ಮೇಲೆ "ಥ್ಯಾಂಕ್ಸ್ ಅಣ್ಣಾ" ಅಂತ ಹೇಳಿ ಬಂದೆ. ಆ ಥ್ಯಾಂಕ್ಸ್ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತೆ.

ಕಂಪನಿ ಹೆಸರು ಬರೆಯಲ್ಲ, ಅಂಗಡಿ ಹೆಸರೂ ಬರೆಯಲ್ಲ. ಪರಿಚಯದ ವಕೀಲರು ಬೇಡ ಅಂದಿದ್ದಾರೆ. ಆದರೆ ನಡೆದದ್ದನ್ನ ನಡೆದ ಹಾಗೇ ಬರೀತೀನಿ.

ಶುರುವಾಗಿದ್ದು ಶ್ರಾವಣದಲ್ಲಿ. ಆಲೂರಿನ ಹತ್ತಿರ ಒಂದು ಛತ್ರ, ಧಾರೆ ಮುಹೂರ್ತ. ಹುಡುಗಿಯ ಅಪ್ಪ ಅಮ್ಮ ಕೈ ಹಿಡಿದು ನಿಂತಿದ್ದಾರೆ, ಚೊಂಬಿನಿಂದ ನೀರು ಬೀಳ್ತಾ ಇದೆ, ನಾನು ಕ್ಲಿಕ್ಕಿಸ್ತಾ ಇದ್ದೀನಿ. ಸಂಜೆ ಸ್ಟುಡಿಯೋಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಅದೇ ಫೋಟೋದ ಮೇಲಿನ ಮೂರನೇ ಒಂದು ಭಾಗ ಕಪ್ಪು. ಕೈಗಳಿವೆ, ತೆಂಗಿನಕಾಯಿ ಇದೆ, ನೀರಿನ ಧಾರೆ ನೂಲಿನ ಹಾಗೆ ಚೆನ್ನಾಗಿ ಬಂದಿದೆ. ಮುಖ ಇಲ್ಲ, ಬಾಸಿಂಗ ಇಲ್ಲ. ಒಂದಲ್ಲ, ಹನ್ನೊಂದು ಫೋಟೋ ಹಾಗೆ.

ಫ್ಲ್ಯಾಶ್ ಹಾಕಿದಾಗ ಶಟರ್ ಸ್ಪೀಡ್ ಜಾಸ್ತಿ ಇಟ್ಟರೆ ಹೀಗೆ ಕಪ್ಪು ಪಟ್ಟಿ ಬರುತ್ತೆ ಅಂತ ನಮಗೆಲ್ಲ ಗೊತ್ತಲ್ಲ. ನಾನೂ ಹಾಗೇ ಅಂದುಕೊಂಡೆ. ಸೆಟ್ಟಿಂಗ್ ತಿರುಗಿಸಿಬಿಟ್ಟಿದ್ದೀಯ ಅಂತ ನನ್ನ ಜೊತೆ ಬರುವ ಹುಡುಗನಿಗೆ ಬಾಯಿಗೆ ಬಂದಂಗೆ ಬೈದೆ. ಪಾಪ, ಅವನು ತುಟಿ ಪಿಟಕ್ ಅನ್ನಲಿಲ್ಲ. ಆಮೇಲೆ ಫೈಲ್ ಡೀಟೇಲ್ಸ್ ನೋಡಿದರೆ ಶಟರ್ ಸ್ಪೀಡ್ 1/160 ಸೆಕೆಂಡ್. ಸ್ಪೀಡ್ ಸರಿಯಾಗೇ ಇದೆ! ಹಾಗಾದರೆ ಶಟರ್ ಪರದೆಯೇ ಎಲ್ಲೋ ಸಿಕ್ಕಿಹಾಕ್ಕೊಳ್ತಿದೆ. ಎರಡು ಪರದೆ ಒಂದರ ಹಿಂದೆ ಒಂದು ಓಡಬೇಕು. ಒಂದು ತಡವಾದರೆ ಒಳಗೆ ಚಿತ್ರ ಹಿಡಿಯೋ ಸೆನ್ಸರಿನ ಅಷ್ಟು ಜಾಗಕ್ಕೆ ಬೆಳಕೇ ಬೀಳಲ್ಲ. ಅಷ್ಟೇ ವಿಷಯ.

ಹಳೇ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಕ್ಕೆ ನಾವು ಬಾಡಿ ಅಂತೀವಿ) ಇಟ್ಟುಕೊಂಡು ಹೇಗೋ ತಳ್ಳಿದೆ. ದೀಪಾವಳಿ ಹತ್ತಿರ ಬಂದಾಗ ಬೇಲೂರಿನ ಗೆಳೆಯ ಫೋನ್ ಮಾಡಿದ. "ಏ ಮಾರಾಯ, ನಿನ್ನ ಮಾಡೆಲ್‌ಗೆ ರೀಕಾಲ್ ಬಂದದೆ ಕಣೋ, ಶಟರ್ ಪ್ರಾಬ್ಲಂ, ಸೀರಿಯಲ್ ನಂಬರ್ ಹಾಕಿ ನೋಡು." ರೀಕಾಲ್ ಅಂದರೆ ತಯಾರಿಕೆಯಲ್ಲಾದ ತಪ್ಪನ್ನ ಕಂಪನಿಯೇ ವಾಪಸ್ ಕರೆಸಿ ಸರಿಮಾಡಿ ಕೊಡೋದು. ಕ್ಯಾಮೆರಾ ಬುಡ ತಿರುಗಿಸಿ ನಂಬರ್ ಓದಿಕೊಂಡು ಕಂಪನಿ ಸೈಟಿನಲ್ಲಿ ಹಾಕಿದೆ. ನನ್ನದು ಪಟ್ಟಿಯಲ್ಲಿತ್ತು. ಶಟರ್ ಬದಲಾಯಿಸಿ ಕೊಡ್ತೀವಿ, ವಾರಂಟಿ ಮುಗಿದಿದ್ದರೂ ಸರಿ, ದುಡ್ಡಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಎರಡು ಸಲ ಓದಿದೆ. ಓದಿಯೂ ಮೋಸ ಹೋದೆ, ಅದೇ ಬೇಜಾರು.

ರೀಕಾಲ್ ನಮಗೆ ಹೊಸದಲ್ಲ. 2005ರ ಅಕ್ಟೋಬರ್‌ನಲ್ಲಿ ಸೋನಿ ತಯಾರಿಸಿದ ಸಿಸಿಡಿ ಸೆನ್ಸರುಗಳು ಸೆಕೆ, ತೇವಕ್ಕೆ ಕೈಕೊಡ್ತಿವೆ ಅಂತ ಹೊರಬಿದ್ದಾಗ ಅದನ್ನ ಹಾಕಿದ್ದ ಕ್ಯಾನನ್, ನಿಕಾನ್, ಫ್ಯೂಜಿ ಎಲ್ಲರೂ ಉಚಿತ ರಿಪೇರಿ ಅಂದಿದ್ದರು. ನಾನಾಗ ಇನ್ನೂ ಬೇರೆಯವರ ಸ್ಟುಡಿಯೋದಲ್ಲಿ ಲೈಟ್ ಹಿಡಿಯೋನು. ಸೆಕೆ, ತೇವಕ್ಕೆ ಕೆಡುತ್ತೆ ಅಂದರೆ ಮಲೆನಾಡಿನವರು ಇನ್ನೆಲ್ಲಿಗೆ ಹೋಗೋದು ಅಂತ ನಮ್ಮ ಯಜಮಾನರು ನಗ್ತಿದ್ದರು. 2012ರಲ್ಲಿ ಕ್ಯಾನನ್ 650ಡಿ ಹಿಡಿಕೆಯ ರಬ್ಬರ್ ಬೆಳ್ಳಗಾಗುತ್ತೆ ಅಂತ ಬದಲಾಯಿಸಿ ಕೊಟ್ಟರು. 2015ರಲ್ಲಿ ನಿಕಾನ್ ಡಿ750ಗೆ ಇದೇ ಥರ ಶಟರ್ ತೊಂದರೆ ಬಂದು ಉಚಿತವಾಗಿ ಹಾಕಿಕೊಟ್ಟರು. ತಪ್ಪು ತಯಾರಿಸಿದವರದ್ದು, ಖರ್ಚೂ ಅವರದ್ದು. ಇದೆಲ್ಲ ಗೊತ್ತಿತ್ತು ಸ್ವಾಮಿ ನನಗೆ. ಗೊತ್ತಿತ್ತು!

ಆದರೆ ಮಾಡಿದ್ದೇನು? ವಾರಂಟಿ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಲಿಲ್ಲ. ಮೊಬೈಲಿನಲ್ಲಿ ಕಂಪನಿ ಹೆಸರು ಹಾಕಿ "ಸರ್ವೀಸ್ ಸೆಂಟರ್ ಹಾಸನ" ಅಂತ ಹುಡುಕಿದೆ. ಮೊದಲು ಬಂದ ನಂಬರ್ ಒತ್ತಿದೆ. "ಹೌದು ಸಾರ್, ನಮ್ಮಲ್ಲೇ, ತಗೊಂಬನ್ನಿ ಸಾರ್" ಅಂದರು.

ಹೋದೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳವು, ಊರ ತುಂಬ ಜನ, ಅರ್ಧ ರಸ್ತೆ ಬಂದ್. ಗಾಡಿ ಎಲ್ಲೋ ನಿಲ್ಲಿಸಿ ನಡೆದುಕೊಂಡು ಹೋದೆ. ಮಹಡಿ ಮೇಲೆ ಅಂಗಡಿ. ಕಂಪನಿ ಲೋಗೋ ಇರೋ ದೊಡ್ಡ ಬೋರ್ಡು, ಒಳಗೆ ಏಸಿ, ಗಾಜಿನ ಕೌಂಟರ್, ಟೋಕನ್ ಬೇರೆ. ಯಾರಿಗೆ ಅನುಮಾನ ಬರುತ್ತೆ ಹೇಳಿ.

"ರೀಕಾಲ್‌ಗೆ ಬಂದಿದ್ದೀನಿ" ಅಂದೆ. ಆ ಮನುಷ್ಯ ನಗುತ್ತಾ "ಹೌದಣ್ಣಾ, ತುಂಬ ಬರ್ತಿದಾವೆ" ಅಂದ. ರಸೀದಿ ಬರೆದ. ದೂರು ಅನ್ನೋ ಜಾಗದಲ್ಲಿ ಅವನು ಬರೆದಿದ್ದು ಬರೀ "ಶಟರ್ ಚೆಕ್". ರೀಕಾಲ್ ಅನ್ನೋ ಪದವೇ ಇಲ್ಲ. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಅಲ್ಲೇ ನಾನು ಅರ್ಧ ಕೆಟ್ಟಿದ್ದು. ನಮ್ಮ ಬಾಯಿಮಾತು ಗಾಳಿಗೆ ಹೋಗುತ್ತೆ, ಅವರ ಹತ್ತಿರ ಉಳಿಯೋದು ಆ ಚೀಟಿ ಮಾತ್ರ.

ಐದನೇ ದಿನ ವಾಟ್ಸಾಪಿಗೆ ಒಂದು ಫೋಟೋ ಬಂತು. ಲೆನ್ಸ್ ಬಿಚ್ಚಿದ ಕ್ಯಾಮೆರಾ, ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಹಿಂದೆಯೇ ಫೋನ್.

"ಅಣ್ಣಾ, ಒಳಗೆ ಪೂರ್ತಿ ಫಂಗಸ್ ಐತೆ. ಫಂಗಸ್ ಇದ್ದರೆ ಕಂಪನಿಯವರು ರೀಕಾಲ್ ಕ್ಯಾನ್ಸಲ್ ಮಾಡ್ತಾರೆ. ವಾರಂಟಿನೂ ಮುಗಿದೈತೆ."

"ನಾನು ಸಿಲಿಕಾ ಜೆಲ್ ಹಾಕಿ ಡ್ರೈ ಬಾಕ್ಸಲ್ಲಿ ಇಡ್ತೀನಲ್ಲಪ್ಪ?"

"ಮಲೆನಾಡು ಸೈಡು ಅಲ್ವೇನಣ್ಣಾ, ಎಲ್ಲಾರ್ದೂ ಹಿಂಗೇ."

ಈ ಮಾತಿಗೆ ಬಿದ್ದೆ ನೋಡಿ. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಬೆಲ್ಟು, ಚಪ್ಪಲಿಗೂ ಬೂಷ್ಟು ಬರೋ ಊರು ನಮ್ಮದು. ನಮ್ಮ ತಪ್ಪೇ ಇರಬೇಕು ಅಂತ ಒಪ್ಪಿಕೊಂಡುಬಿಟ್ಟೆ. ಶಟರ್ ಯೂನಿಟ್ 5,200, ಲೇಬರ್ ಮತ್ತು ಕ್ಲೀನಿಂಗ್ 1,800, ಜಿಎಸ್‌ಟಿ 1,260. ಬೇಡ ಅಂದರೆ ಚೆಕಿಂಗ್ ಚಾರ್ಜ್ 590 ಕೊಟ್ಟು ವಾಪಸ್ ತಗೊಂಡು ಹೋಗಿ ಅಂದ. ತುಳಸಿ ಹಬ್ಬ ಆದ ಮೇಲೆ ನನಗೆ ಸಾಲಾಗಿ ಮದುವೆ ಬುಕ್ ಆಗಿದ್ದವು. "ಮಾಡಿಬಿಡಿ ಅಣ್ಣಾ" ಅಂದೆ. ಇಪ್ಪತ್ತು ವರ್ಷ ಚಿಕ್ಕವನಿಗೆ ಅಣ್ಣಾ ಅಂದೆ.

ಹತ್ತೊಂಬತ್ತು ದಿನ ಆಯ್ತು ವಾಪಸ್ ಬರೋಕೆ. ಮಧ್ಯೆ ಮೂರು ಮದುವೆಗೆ ಬಾಡಿಗೆ ಬಾಡಿ ತಂದೆ, ದಿನಕ್ಕೆ 1,500. ಅದು ಬೇರೆ ಲೆಕ್ಕ, ಅದನ್ನ ಯಾರನ್ನ ಕೇಳಲಿ.

ಕ್ಯಾಮೆರಾ ಬಂತು, ಚೆನ್ನಾಗೇ ಓಡ್ತಿತ್ತು. ಮನೆಗೆ ತಂದು ಡಬ್ಬಿಯಿಂದ ತೆಗೀತಾ ಇದ್ದೆ. ಗುಳ್ಳೆ ಕವರಿನ ಮಡಿಕೆ ಒಳಗೆ ನಾಲ್ಕಾಗಿ ಮಡಚಿದ ಒಂದು ಕಾಗದ ಇತ್ತು. ಕಸದ ಬುಟ್ಟಿಗೆ ಹಾಕೋಕೆ ಹೋದವನು ಬಿಚ್ಚಿದೆ. ಬೆಂಗಳೂರಿನ ಕಂಪನಿ ಸರ್ವೀಸ್ ಸೆಂಟರಿನ ಚೀಟಿ. ಸೀರಿಯಲ್ ನಂಬರ್ ನನ್ನದೇ. ಗ್ರಾಹಕರ ಹೆಸರು ಅನ್ನೋ ಕಡೆ ನನ್ನ ಹೆಸರಲ್ಲ, ಆ ಅಂಗಡಿಯವನ ಹೆಸರು. ಕೆಲಸದ ವಿಧ: ರೀಕಾಲ್. ಪಾರ್ಟ್ಸ್ 0.00. ಲೇಬರ್ 0.00. ಒಟ್ಟು 0.00.

ಮೂರು ಸೊನ್ನೆ ಸಾಲನ್ನೂ ಬೆರಳಿಟ್ಟು ಓದಿದೆ. ಮತ್ತೆ ಓದಿದೆ. ಹೆಂಡತಿ ಬಂದು "ಏನ್ರೀ, ಬಿಲ್ಲಾ? ಎಷ್ಟಂತೆ?" ಅಂದಳು. "ಸೊನ್ನೆ" ಅಂದೆ. "ಒಳ್ಳೇದೇ ಆಯ್ತಲ್ಲ" ಅಂದಳು. ಅವಳಿಗೆ ದುಡ್ಡು ಕೊಟ್ಟ ವಿಷಯ ಹೇಳಿರಲಿಲ್ಲ.

ಆಮೇಲೆ ಆ ಫಂಗಸ್ ಫೋಟೋ ನೆನಪಾಯ್ತು. ತೆಗೆದು ದೊಡ್ಡದು ಮಾಡಿ ನೋಡಿದೆ. ನನ್ನ ಹತ್ತಿರ ಒಂದೇ ಥರದ ಎರಡು ಬಾಡಿ ಇದ್ದ ಕಾಲದಲ್ಲಿ ಗುರುತಿಗೆ ಅಂತ ಹೆಂಡತಿಯ ಕೆಂಪು ನೇಲ್ ಪಾಲಿಶ್ ಚುಕ್ಕೆಯೊಂದನ್ನ ಫ್ಲ್ಯಾಶ್ ಕೂರಿಸೋ ಜಾಗದ ಪಕ್ಕ ಇಟ್ಟಿದ್ದೆ. ಇವತ್ತಿಗೂ ಇದೆ. ಫೋಟೋದಲ್ಲಿದ್ದ ಕ್ಯಾಮೆರಾಕ್ಕೆ ಚುಕ್ಕೆ ಇಲ್ಲ. ಅದು ನನ್ನ ಕ್ಯಾಮೆರಾನೇ ಅಲ್ಲ! ಯಾರದ್ದೋ ಕ್ಯಾಮೆರಾದ ಬೂಷ್ಟು ತೋರಿಸಿ ನನ್ನ ಹತ್ತಿರ ದುಡ್ಡು ಕಿತ್ತುಕೊಂಡಿದ್ದಾನೆ. ಫೋಟೋ ತೆಗೆಯೋದೇ ಕಸುಬಾದ ನನಗೆ ಒಂದು ಫೋಟೋ ನೋಡೋಕೆ ಬರಲಿಲ್ಲ.

ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೇ ಹೋದೆ. ಚೀಟಿ ಮುಂದಿಟ್ಟೆ. ಈಗ ಅಣ್ಣಾ ಹೋಗಿ ಸಾರ್ ಆಗಿತ್ತು.

"ಅದು ಹ್ಯಾಂಡ್ಲಿಂಗ್ ಚಾರ್ಜ್ ಸಾರ್."

ಎಸ್ಟಿಮೇಟಲ್ಲಿ ಶಟರ್ ಯೂನಿಟ್ ಅಂತ ಬರೆದಿದ್ದೀಯಲ್ಲ ಅಂದೆ.

"ಅದು ಸಿಸ್ಟಮ್ಮಲ್ಲಿ ಹಂಗೇ ಬರೋದು ಸಾರ್."

ಫೋಟೋ ನನ್ನ ಕ್ಯಾಮೆರಾದ್ದಲ್ಲ ಅಂದೆ.

"ಹುಡುಗ ತಪ್ಪಾಗಿ ಕಳಿಸಿರಬೇಕು ಸಾರ್."

ಜಿಎಸ್‌ಟಿ ಅಂತ 1,260 ತಗೊಂಡಿದ್ದೀಯ, ಬಿಲ್ಲಲ್ಲಿ ಜಿಎಸ್‌ಟಿ ನಂಬರೇ ಇಲ್ಲವಲ್ಲ ಅಂದೆ.

"ಅದು ಆಡಿಟರ್ ಹತ್ರ ಐತೆ ಸಾರ್."

ನಂಬರ್ ಆಡಿಟರ್ ಹತ್ತಿರ ಇದೆಯಂತೆ! ಕೊನೆಗೆ ಅವನ ಬ್ರಹ್ಮಾಸ್ತ್ರ ಬಂತು. "ನೀವೇ ಅಪ್ರೂವ್ ಮಾಡಿದ್ರಲ್ಲ ಸಾರ್. ನಾನೇನು ಬಲವಂತ ಮಾಡಿದ್ನಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿ ಟೋಕನ್ ಹಿಡಿದು ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನನ್ನೇ ನೋಡ್ತಿದ್ದಳು, ಯಾರೋ ಜಗಳಗಂಟ ಅನ್ನೋ ಹಾಗೆ.

ಸರಿ, ಕಂಪನಿಗಾದರೂ ಹೇಳೋಣ ಅಂತ ಈ ಸಲ ವಾರಂಟಿ ಕಾರ್ಡಿನ ನಂಬರಿಗೇ ಫೋನ್ ಮಾಡಿದೆ. ಮೂರು ಸಲ ಮಾಡಿದೆ, ಮೂರು ಸಲಾನೂ ಬೇರೆ ಬೇರೆಯವರು, ಮೂರು ಸಲಾನೂ ಮೊದಲಿಂದ ಕಥೆ. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್. ಆ ಅಂಗಡಿ ನಮ್ಮ ಅಧಿಕೃತ ಪಟ್ಟಿಯಲ್ಲಿಲ್ಲ ಸರ್." ಪಟ್ಟಿಯಲ್ಲಿ ಇಲ್ಲದವನು ನಿಮ್ಮ ಲೋಗೋ ಹಾಕ್ಕೊಂಡು ಕೂತಿದ್ದಾನಲ್ಲಮ್ಮ ಅಂದರೆ "ಸಂಬಂಧಪಟ್ಟವರಿಗೆ ತಿಳಿಸುತ್ತೇವೆ ಸರ್." ಅವನು ಕೊಟ್ಟ ಕ್ಯಾಮೆರಾ ತಗೊಂಡು ಅವನ ಹೆಸರಲ್ಲೇ ರಿಪೇರಿ ಮಾಡಿದ್ದು ನೀವಲ್ಲವಾ ಅಂದರೆ "ಕ್ಯಾಮೆರಾ ತಂದವರೇ ನಮಗೆ ಗ್ರಾಹಕರು ಸರ್." ಮೂರನೇ ಸಲ ಮಾತಾಡಿದವನಂತೂ "ನೀವು ಸ್ಟುಡಿಯೋದವರು, ಕಮರ್ಷಿಯಲ್ ಬಳಕೆ, ಗ್ರಾಹಕ ಕಾನೂನು ನಿಮಗೆ ಬರಲ್ಲ ಸರ್" ಅಂತ ನನಗೇ ಕಾನೂನು ಹೇಳಿದ.

ಇದನ್ನ ಕೇಳಿ ಹೆದರಬೇಡಿ. ವಕೀಲರನ್ನ ಕೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆಯಂತೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ವಸ್ತು ಬಳಸುವವನೂ ಗ್ರಾಹಕನೇ. ಒಂದು ಕ್ಯಾಮೆರಾ, ಒಬ್ಬ ಹುಡುಗ ಇಟ್ಟುಕೊಂಡಿರೋ ನಾನು ಯಾವ ಸೀಮೆ ಕಮರ್ಷಿಯಲ್ಲು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೂ 5 ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲವಂತೆ, ಎರಡು ವರ್ಷದ ಒಳಗೆ ಹಾಕಬೇಕಂತೆ.

ನಿಮಗೆ ಹೇಳೋದಿಷ್ಟೇ. ರೀಕಾಲ್ ಅಂದರೆ ಮೊಬೈಲಲ್ಲಿ ಮೊದಲು ಬಂದ ನಂಬರಿಗೆ ಫೋನ್ ಮಾಡಬೇಡಿ, ಕಂಪನಿಯ ಸ್ವಂತ ಸೈಟು ಇಲ್ಲ ವಾರಂಟಿ ಕಾರ್ಡಿನಲ್ಲಿ ಇರೋ ನಂಬರ್ ಮಾತ್ರ. ರಸೀದಿಯಲ್ಲಿ ರೀಕಾಲ್ ಅಂತ ಬರೆಸದೆ, ನಿಮ್ಮದೇ ಹೆಸರು ಹಾಕಿಸದೆ ಕ್ಯಾಮೆರಾ ಕೈಬಿಡಬೇಡಿ. ಫೋಟೋ ಕಳಿಸಿದರೆ ಸೀರಿಯಲ್ ನಂಬರ್ ಕಾಣೋ ಹಾಗೆ ತೆಗೆದು ಕಳಿಸು ಅನ್ನಿ. ಬಸ್ ಚಾರ್ಜ್ ಹೋದರೂ ಪರವಾಗಿಲ್ಲ, ಬೆಂಗಳೂರಿಗೇ ಹೋಗಿ ಕೊಟ್ಟು ಬನ್ನಿ. ನಾನು ಅಷ್ಟು ಮಾಡಿದ್ದರೆ ಒಂದು ದಿನ ಹೋಗ್ತಿತ್ತು, ಅಷ್ಟೇ. ಕೌಂಟರಿನ ಆಚೆಯಿಂದ ಯಾರಾದರೂ ಅಣ್ಣಾ ಅಂದರೆ ಜೇಬು ಮುಟ್ಟಿ ನೋಡಿಕೊಳ್ಳಿ.

1915ರ ದೂರು ಹೋದ ಎಂಟನೇ ದಿನ ಅಂಗಡಿಯವನಿಂದ 4,000 ಬಂತು. ಯಾವ ಮೆಸೇಜೂ ಇಲ್ಲ, ಬರೀ ದುಡ್ಡು. ಫೋನ್ ಮಾಡಿದರೆ "ಉಳಿದಿದ್ದು ಸಂಡೇ ಹಾಕ್ತೀನಿ ಸಾರ್, ದೂರು ವಾಪಸ್ ತಗೊಳ್ಳಿ" ಅಂದ. ಮೂರು ಸಂಡೇ ಕಳೀತು. ದೂರು ವಾಪಸ್ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ. ನಿನ್ನೆ ಆ ರಸ್ತೆಯಲ್ಲಿ ಹೋಗ್ತಿದ್ದಾಗ ತಲೆ ಎತ್ತಿ ನೋಡಿದೆ, ಬೋರ್ಡು ಹಾಗೇ ಇದೆ, ರಾತ್ರಿ ಲೈಟೂ ಹಾಕಿರ್ತಾನೆ.

ಆಲೂರಿನ ಮದುವೆ ಮನೆಯವರಿಗೆ ಇನ್ನೂ ಆಲ್ಬಂ ಕೊಟ್ಟಿಲ್ಲ. ಧಾರೆ ಪುಟಕ್ಕೆ ಏನು ಹಾಕೋದು ಅಂತ ಗೊತ್ತಾಗ್ತಿಲ್ಲ. ಬೈಸಿಕೊಂಡ ಹುಡುಗ ಆವತ್ತು ತನ್ನ ಮೊಬೈಲಲ್ಲಿ ಎರಡು ಫೋಟೋ ತೆಗೆದಿದ್ದನಂತೆ, ಮೊನ್ನೆ ತಂದು ತೋರಿಸಿದ. ಒಂದರಲ್ಲಿ ಎಲ್ಲರ ಮುಖವೂ ಇದೆ.